ಫೋಮ್ ರೋಲರ್ ಉರುಳಿಸಿದರೆ ಜಿಗಿತ ಹೆಚ್ಚುತ್ತದೆಯೇ?

2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೇರಳದ ಎಲ್ದೋಸ್ ಪೌಲ್ ಟ್ರಿಪಲ್ ಜಂಪ್‌ನಲ್ಲಿ 17.03 ಮೀಟರ್ ಜಿಗಿದು ಚಿನ್ನ ಗೆದ್ದರು. 17.02 ಮೀಟರ್ ಜಿಗಿದ ಅಬ್ದುಲ್ಲ ಅಬೂಬಕರ್, ಅವರೂ ಕೇರಳದವರೇ, ಬೆಳ್ಳಿ ಪಡೆದರು. ಅದೇ ಕೂಟದ ಉದ್ದಜಿಗಿತದಲ್ಲಿ ಪಾಲಕ್ಕಾಡಿನ ಎಂ. ಶ್ರೀಶಂಕರ್ ಚಿನ್ನ ಗೆದ್ದವರಷ್ಟೇ ದೂರ, ಅಂದರೆ 8.08 ಮೀಟರ್ ಜಿಗಿದರೂ, ಎರಡನೆಯ ಉತ್ತಮ ಜಿಗಿತದ ಲೆಕ್ಕದಲ್ಲಿ ಹಿಂದೆ ಬಿದ್ದರು. ಒಂದು ಸೆಂಟಿಮೀಟರಿಗೆ ಪದಕದ ಬಣ್ಣ ಬದಲಾಗುವ ಸ್ಪರ್ಧೆಯಲ್ಲಿ, ಆ ಒಂದು ಸೆಂಟಿಮೀಟರನ್ನು ತಂದುಕೊಡುತ್ತೇನೆನ್ನುವ ಯಾವ ಸಾಧನಕ್ಕೂ ಗಿರಾಕಿಗಳ ಕೊರತೆ ಇರುವುದಿಲ್ಲ.

ಫೋಮ್ ರೋಲರ್ ಅಂಥ ಸಾಧನ. ಮೊಳದುದ್ದದ, ಗಟ್ಟಿ ಫೋಮಿನ ಒಂದು ಉರುಳೆ. ನೆಲದ ಮೇಲಿಟ್ಟು, ತೊಡೆಯನ್ನೋ ಮೀನಖಂಡವನ್ನೋ ಅದರ ಮೇಲೆ ಊರಿ, ಮೈಭಾರ ಬಿಟ್ಟು ಹಿಂದೆ ಮುಂದೆ ಉರುಳಬೇಕು. ಜಿಮ್‌ಗಳಲ್ಲಿ ಮೊದಲು ಕಾಣಿಸಿಕೊಂಡ ಇದು ಈಗ ಕಾಸರಗೋಡಿನ ವಾಲಿಬಾಲ್ ಅಂಕಣಗಳ ಬದಿಗೂ ಶಾಲಾ ಕ್ರೀಡಾಪಟುಗಳ ಚೀಲಕ್ಕೂ ಬರತೊಡಗಿದೆ. ಅದರ ಜೊತೆಗೇ ಗೊಂದಲವೂ ಬಂದಿದೆ. ಸ್ಪರ್ಧೆಗೆ ಮುನ್ನ ರೋಲರ್ ಬಳಸಿದರೆ ಜಿಗಿತ ಹೆಚ್ಚುತ್ತದೆಯೆಂದು ಒಂದು ಸುದ್ದಿ ಹೇಳಿದರೆ, ಅದರಿಂದ ಏನೂ ಆಗುವುದಿಲ್ಲವೆಂದು ಇನ್ನೊಂದು ಸುದ್ದಿ ಹೇಳುತ್ತದೆ. ಎರಡೂ ಸಂಶೋಧನೆಯ ಹೆಸರು ಹೇಳುತ್ತವೆ, ಮತ್ತು ಸೋಜಿಗವೆಂದರೆ ಎರಡೂ ಸುಳ್ಳು ಹೇಳುತ್ತಿಲ್ಲ.

ಒಂದೇ ವರ್ಷ, ಎರಡು ತೀರ್ಪು

2014ರಲ್ಲಿ ಪ್ರಕಟವಾದ ಎರಡು ಅಮೆರಿಕನ್ ಪ್ರಯೋಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಗೊಂದಲದ ಬೇರು ಕಾಣಿಸುತ್ತದೆ. ಪೀಕಾಕ್ ಮತ್ತು ಸಂಗಡಿಗರು ತರಬೇತಿ ಪಡೆದ 11 ಮಂದಿ ಯುವಕರನ್ನು ಎರಡು ಬೇರೆ ಬೇರೆ ದಿನ ಪರೀಕ್ಷಿಸಿದರು. ಒಂದು ದಿನ ಸಾಮಾನ್ಯ ಚಲನೆಯ ವಾರ್ಮ್-ಅಪ್ ಮಾತ್ರ. ಇನ್ನೊಂದು ದಿನ ಅದರ ಜೊತೆಗೆ ಇಡೀ ಮೈಗೆ ರೋಲರ್. ರೋಲರ್ ಬಳಸಿದ ದಿನ ನಿಂತಲ್ಲಿಂದ ಮೇಲಕ್ಕೆ ಜಿಗಿಯುವುದರಲ್ಲಿಯೂ ಮುಂದಕ್ಕೆ ಜಿಗಿಯುವುದರಲ್ಲಿಯೂ ಓಟದಲ್ಲಿಯೂ ಫಲಿತಾಂಶ ಉತ್ತಮವಾಗಿತ್ತು. ಆದರೆ ರೋಲರ್‌ನಿಂದ ಹೆಚ್ಚಬೇಕೆಂದು ಎಲ್ಲರೂ ನಿರೀಕ್ಷಿಸುವ ಮೈಬಾಗು ಮಾತ್ರ ಹೆಚ್ಚಲಿಲ್ಲ. ಈ ವಿಚಿತ್ರವನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು.

ಹೀಲಿ ಮತ್ತು ಸಂಗಡಿಗರು 26 ಮಂದಿ ಕಾಲೇಜು ವಯಸ್ಸಿನವರನ್ನು, ಅರ್ಧದಷ್ಟು ಹುಡುಗರು ಅರ್ಧದಷ್ಟು ಹುಡುಗಿಯರು, ಆರಿಸಿಕೊಂಡರು. ಇಲ್ಲಿ ಒಂದು ದಿನ ರೋಲರ್. ಇನ್ನೊಂದು ದಿನ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿದು ನಿಲ್ಲುವ ಕಸರತ್ತು. ಜಿಗಿತದಲ್ಲಿ ಎರಡು ದಿನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಲರ್ ಬಳಸಿದ ದಿನ ಆಯಾಸ ಕಡಮೆಯೆನಿಸಿತೆಂದು ಮಾತ್ರ ಭಾಗವಹಿಸಿದವರು ಹೇಳಿದರು.

ಹೋಲಿಕೆ ಯಾವುದರೊಂದಿಗೆ?

ಮೊದಲ ಪ್ರಯೋಗದಲ್ಲಿ ರೋಲರ್ ಬಳಸಿದ ದಿನದ ವಾರ್ಮ್-ಅಪ್ ಬಳಸದ ದಿನಕ್ಕಿಂತ ದೀರ್ಘವಾಗಿತ್ತು. ರೋಲರ್ ಮೇಲೆ ಮೈಯನ್ನು ಉರುಳಿಸುವುದು ಮಲಗಿ ವಿಶ್ರಮಿಸಿದಂತಲ್ಲ. ತೋಳು, ಹೊಟ್ಟೆ, ಸೊಂಟ ಎಲ್ಲವೂ ಭಾರ ಹೊರುತ್ತವೆ, ಉಸಿರು ಏರುತ್ತದೆ, ಮೈ ಬೆವರುತ್ತದೆ. ಹಾಗಿರುವಾಗ ಹೆಚ್ಚಿದ ಜಿಗಿತಕ್ಕೆ ರೋಲರ್ ಕಾರಣವೋ ಅಥವಾ ಹೆಚ್ಚುವರಿ ನಿಮಿಷಗಳ ಶ್ರಮ ಕಾರಣವೋ ಎಂಬುದನ್ನು ಆ ಪ್ರಯೋಗದಿಂದ ಬಿಡಿಸಿ ಹೇಳಲಾಗದು. ಎರಡನೆಯ ಪ್ರಯೋಗದಲ್ಲಿ ರೋಲರ್‌ನ ಎದುರಿಗೆ ಹೆಚ್ಚುಕಡಮೆ ಅಷ್ಟೇ ಶ್ರಮ ಬೇಡುವ ಇನ್ನೊಂದು ಕಸರತ್ತನ್ನು ಇಟ್ಟಿದ್ದರು. ಶ್ರಮ ಸರಿಸಮನಾದಾಗ ವ್ಯತ್ಯಾಸ ಮಾಯವಾಯಿತು.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಔಷಧದ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಅಸಲು ಮಾತ್ರೆ, ಉಳಿದವರಿಗೆ ಅದೇ ಬಣ್ಣದ ಸಕ್ಕರೆ ಮಾತ್ರೆ ಕೊಡಬಹುದು. ಯಾರಿಗೆ ಯಾವುದೆಂದು ಅವರಿಗೆ ತಿಳಿಯದು. ತೊಡೆಯ ಕೆಳಗೆ ರೋಲರ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾರಿಂದಲೂ ಮುಚ್ಚಿಡಲಾಗದು. ಒಳ್ಳೆಯದೇನೋ ಮಾಡಿಸಿಕೊಂಡಿದ್ದೇನೆಂಬ ನಂಬಿಕೆಯೇ ಕಾಲಿಗೆ ಸ್ವಲ್ಪ ಬಲ ಕೊಡಬಲ್ಲದು. ಮೈಬಾಗು ಹೆಚ್ಚದೆ ಜಿಗಿತ ಮಾತ್ರ ಹೆಚ್ಚಿದ ಫಲಿತಾಂಶವನ್ನು ಓದುವಾಗ ಈ ಸಾಧ್ಯತೆಯನ್ನು ಪಕ್ಕಕ್ಕಿಡುವುದು ಕಷ್ಟ.

ಚದರಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೆಲಸವನ್ನು 2019ರಲ್ಲಿ ವೀವೆಲ್‌ಹೋವೆ ಮತ್ತು ಸಂಗಡಿಗರು ಮಾಡಿದರು. ಅವರು ಪರಿಗಣಿಸಿದ್ದು 21 ಅಧ್ಯಯನಗಳನ್ನು. ವ್ಯಾಯಾಮಕ್ಕೆ ಮೊದಲು ರೋಲರ್ ಬಳಸಿದಾಗ ಮೈಬಾಗು ಸರಾಸರಿ ಶೇ. 4ರಷ್ಟು, ವೇಗದ ಓಟ ಶೇ. 0.7ರಷ್ಟು ಉತ್ತಮಗೊಂಡಿತ್ತು. ಜಿಗಿತದ ಸರಾಸರಿ ಮಾತ್ರ ಶೇ. 1.9ರಷ್ಟು ಕೆಳಗಿತ್ತು. ಈ ಕೊನೆಯ ಅಂಕಿಯನ್ನು ಎತ್ತಿಕೊಂಡು ‘ರೋಲರ್ ಜಿಗಿತವನ್ನು ಕುಗ್ಗಿಸುತ್ತದೆ’ ಎಂದು ಬರೆದರೆ ಅದೂ ತಪ್ಪೇ. ಜನರಿಂದ ಜನರಿಗೆ, ಪ್ರಯೋಗದಿಂದ ಪ್ರಯೋಗಕ್ಕೆ ಇರುವ ಏರಿಳಿತದ ಮುಂದೆ ಆ ಅಂತರಕ್ಕೆ ಬೆಲೆಯಿಲ್ಲವೆಂದು, ಜಿಗಿತದ ಮೇಲಿನ ಪರಿಣಾಮ ನಗಣ್ಯವೆಂದು ಸಂಶೋಧಕರು ತೀರ್ಮಾನಿಸಿದ್ದಾರೆ.

ಸ್ಟ್ರೆಚಿಂಗ್ ಹಿಂದೆ ಸರಿದ ಮೇಲೆ

ಜಿಗಿತಕ್ಕೆ ಲಾಭವಿಲ್ಲದ ಸಾಧನ ಇಷ್ಟು ಹಬ್ಬಿದ್ದಾದರೂ ಹೇಗೆ? ಉತ್ತರ ರೋಲರ್‌ನಲ್ಲಿಲ್ಲ, ಅದು ಬರುವ ಮೊದಲು ಆ ಜಾಗದಲ್ಲಿದ್ದ ಪದ್ಧತಿಯಲ್ಲಿದೆ. ನಮ್ಮ ಶಾಲಾ ಮೈದಾನಗಳಲ್ಲಿ ಬಹುಕಾಲ ನಡೆದುಬಂದ ವಾರ್ಮ್-ಅಪ್ ಎಂದರೆ ಎರಡು ಸುತ್ತು ಓಟ, ಆಮೇಲೆ ವೃತ್ತಾಕಾರವಾಗಿ ನಿಂತು ಕಾಲ್ಬೆರಳು ಮುಟ್ಟಿ ಹಿಡಿದು, ಮಾಸ್ಟರು ಎಣಿಸಿ ಮುಗಿಸುವವರೆಗೆ ಅಲುಗದೆ ನಿಲ್ಲುವುದು. ಹೀಗೆ ಸ್ನಾಯುವನ್ನು ಎಳೆದು ಹಿಡಿದಿಡುವ ಸ್ಟ್ರೆಚಿಂಗ್‌ನ ಕುರಿತಾದ ಅಧ್ಯಯನಗಳನ್ನು ಬೆಮ್ ಮತ್ತು ಸಂಗಡಿಗರು 2016ರಲ್ಲಿ ಒಟ್ಟುಗೂಡಿಸಿದಾಗ, ಒಂದು ಸ್ನಾಯುವನ್ನು ಒಟ್ಟು 60 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ, ಆ ಕೂಡಲೇ ನಡೆಸಿದ ಬಲ ಮತ್ತು ಚುರುಕಿನ ಪರೀಕ್ಷೆಗಳಲ್ಲಿ ಸರಾಸರಿ ಶೇ. 4.6ರಷ್ಟು ಇಳಿಕೆ ಕಂಡಿತು. 60 ಸೆಕೆಂಡಿಗಿಂತ ಕಡಮೆಯಾದರೆ ಇಳಿಕೆ ಶೇ. 1.1 ಮಾತ್ರ. ಕಾಲು ಬೀಸುವ, ಮಂಡಿ ಎತ್ತಿ ಓಡುವಂಥ ಚಲನೆಯ ಸ್ಟ್ರೆಚಿಂಗ್‌ನಿಂದಲಾದರೋ ಶೇ. 1.3ರಷ್ಟು ಏರಿಕೆ.

ಕಾರಣ ಹೀಗಿದೆ. ಜಿಗಿಯುವಾಗ ನಾವು ಮೊದಲು ಮಂಡಿ ಮಡಚಿ ತಗ್ಗುತ್ತೇವೆ. ಆ ಕ್ಷಣದಲ್ಲಿ ತೊಡೆ ಮತ್ತು ಮೀನಖಂಡದ ಸ್ನಾಯುಗಳೂ ಹಿಮ್ಮಡಿಯ ಸ್ನಾಯುರಜ್ಜುವೂ ಎಳೆದ ಬಿಲ್ಲಿನಂತೆ ಬಿಗಿದು, ಮೇಲೇಳುವಾಗ ಅದೇ ಬಿಗಿತ ಮೈಯನ್ನು ಚಿಮ್ಮಿಸುತ್ತದೆ. ಬಿಲ್ಲಿನ ಹೆದೆ ಸಡಿಲವಾದರೆ ಬಾಣ ದೂರ ಹೋಗದು. ದೀರ್ಘವಾಗಿ ಎಳೆದು ಹಿಡಿದ ಸ್ನಾಯುವಿನ ಬಿಗಿತವೂ ಅದಕ್ಕೆ ನರಗಳಿಂದ ಹೋಗುವ ಚಾಲನೆಯೂ ಸ್ವಲ್ಪ ಹೊತ್ತು ಕುಗ್ಗುತ್ತವೆ.

ಸ್ಟ್ರೆಚಿಂಗ್ ಕುರಿತ ಇಂಥ ಬಿಡಿ ಅಧ್ಯಯನಗಳು ಬರತೊಡಗಿದಾಗಲೇ ತರಬೇತುದಾರರಿಗೆ ಬೇಕಾಗಿದ್ದದ್ದು ಬಲ ಕುಗ್ಗಿಸದೆ ಮೈ ಸಡಿಲಿಸುವ ದಾರಿ. 2013ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು 11 ಮಂದಿ ಪುರುಷರ ತೊಡೆಯ ಮುಂಭಾಗಕ್ಕೆ ಒಂದೊಂದು ನಿಮಿಷದಂತೆ ಎರಡು ಬಾರಿ ರೋಲರ್ ಬಳಸಿ ಪರೀಕ್ಷಿಸಿದರು. ಎರಡು ನಿಮಿಷಗಳ ಬಳಿಕ ಮಂಡಿ ಮಡಚುವ ವ್ಯಾಪ್ತಿ ಸುಮಾರು 10 ಡಿಗ್ರಿ, ಹತ್ತು ನಿಮಿಷಗಳ ಬಳಿಕ 8 ಡಿಗ್ರಿ ಹೆಚ್ಚಿತ್ತು. ಬಲ ಮಾತ್ರ ಕುಗ್ಗಿರಲಿಲ್ಲ. ರೋಲರ್‌ನ ಜನಪ್ರಿಯತೆ ನಿಂತಿರುವುದು ಈ ಬಗೆಯ ಫಲಿತಾಂಶಗಳ ಮೇಲೆ. ಆದರೆ ‘ಬಲ ಕುಗ್ಗಲಿಲ್ಲ’ ಎಂಬ ಮಾತು ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ‘ಬಲ ಹೆಚ್ಚಿತು’ ಎಂದಾಗಿಬಿಟ್ಟಿತು. ಇಂದಿನ ಗೊಂದಲದ ಬಹುಪಾಲು ಈ ಒಂದು ಜಾರುವಿಕೆಯಿಂದ ಹುಟ್ಟಿದ್ದು.

ಒಳಗೆ ಆಗುವುದೇನು

ಸ್ನಾಯುಗಳನ್ನು ಸುತ್ತುವರಿದ ಬಿಳಿ ಪೊರೆಯ ಗಂಟುಗಳನ್ನು ರೋಲರ್ ಬಿಡಿಸುತ್ತದೆ ಎಂಬುದು ಮಾರಾಟಗಾರರು ಕೊಡುವ ವಿವರಣೆ. ಈ ಪೊರೆ ಅಷ್ಟು ಸುಲಭಕ್ಕೆ ಬಗ್ಗುವ ವಸ್ತುವಲ್ಲ. ತೊಡೆಯ ಹೊರಬದಿಯ ಗಟ್ಟಿ ಪೊರೆಯನ್ನು ಶೇ. 1ರಷ್ಟು ಒತ್ತಿ ಬದಲಿಸಬೇಕಾದರೂ ನೂರಾರು ಕಿಲೋ ಭಾರ ಬೇಕೆಂದು 2008ರಲ್ಲಿ ಪ್ರಕಟವಾದ ಗಣಿತದ ಮಾದರಿಯೊಂದು ತೋರಿಸಿತ್ತು. ನಲವತ್ತೈದು ಕಿಲೋ ತೂಕದ ಹುಡುಗಿಯೊಬ್ಬಳು ತನ್ನ ಭಾರದ ಒಂದು ಪಾಲನ್ನು ಫೋಮಿನ ಮೇಲೆ ಊರಿ ಅದನ್ನು ಸಾಧಿಸುವಂತಿಲ್ಲ.

ಹೆಚ್ಚು ನಂಬಲರ್ಹ ವಿವರಣೆ ನರವ್ಯೂಹದ್ದು. ಒಂದು ಕಾಲಿನ ಮೀನಖಂಡಕ್ಕೆ ಮಾತ್ರ ರೋಲರ್ ಬಳಸಿದರೂ, ಮುಟ್ಟದೆ ಬಿಟ್ಟ ಇನ್ನೊಂದು ಕಾಲಿನ ಹರಡಿನ, ಅಂದರೆ ಪಾದದ ಕೀಲಿನ, ಬಾಗು ಹೆಚ್ಚಿದ್ದನ್ನು ಸಂಶೋಧಕರು ಕಂಡಿದ್ದಾರೆ. ಮುಟ್ಟದ ಕಾಲಿನ ಪೊರೆ ಸಡಿಲವಾಗಲು ದಾರಿಯೇ ಇಲ್ಲದಿರುವುದರಿಂದ, ಬದಲಾದದ್ದು ಎಳೆತವನ್ನೂ ನೋವನ್ನೂ ಮೆದುಳು ಸಹಿಸಿಕೊಳ್ಳುವ ಮಿತಿ ಎಂದು ಊಹಿಸಬೇಕಾಗುತ್ತದೆ. ಉಜ್ಜಿದ ಜಾಗ ಸ್ವಲ್ಪ ಬೆಚ್ಚಗಾಗುವುದೂ ಇದಕ್ಕೆ ಸೇರಬಹುದು. ಸಹನೆ ಹೆಚ್ಚಿದ್ದರಿಂದ ಕೀಲು ಇನ್ನಷ್ಟು ಬಾಗುತ್ತದೆ. ಆದರೆ ಸ್ನಾಯು ಹುಟ್ಟಿಸುವ ಬಲಕ್ಕೆ ಅದರಿಂದ ಏನೂ ಸೇರುವುದಿಲ್ಲ. ಬಾಗು ಹೆಚ್ಚಿ ಜಿಗಿತ ಹೆಚ್ಚದಿರುವುದಕ್ಕೆ ಕಾರಣ ಇದೇ ಇರಬೇಕು.

ಬಲವನ್ನು ನಿಜಕ್ಕೂ ಏರಿಸುವುದು ಸ್ನಾಯುವಿನ ಆಳದ ಬಿಸಿ. ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಬದಲಾದಾಗ ಜಿಗಿತ, ವೇಗದ ಓಟದಂಥ ಕ್ಷಣಿಕ ಶಕ್ತಿಯ ಕೆಲಸಗಳಲ್ಲಿ ಶೇ. 4ರಿಂದ 6ರವರೆಗೆ ವ್ಯತ್ಯಾಸವಾಗುತ್ತದೆಂದು ಸ್ವೀಡನ್ನಿನ ಬೆರ್ಗ್ ಮತ್ತು ಎಕ್‌ಬ್ಲೋಮ್ 1979ರಲ್ಲೇ ತೋರಿಸಿದ್ದರು. ಬಿಸಿಯ ಮೇಲೆ ಇನ್ನೊಂದು ಹಂತವಿದೆ: ಸ್ಪರ್ಧೆಯ ಚಲನೆಯನ್ನೇ ಹೋಲುವ, ಮೊದಲು ಹಗುರವಾಗಿ ಆಮೇಲೆ ಪೂರ್ತಿ ಬಲದಿಂದ ಮಾಡುವ ಕೆಲವು ಜಿಗಿತಗಳು ನರ ಮತ್ತು ಸ್ನಾಯುಗಳನ್ನು ಎಚ್ಚರಿಸುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ತೆಂಕುತಿಟ್ಟು ಯಕ್ಷಗಾನದ ವೇಷಧಾರಿ ರಂಗಕ್ಕೆ ಬಂದೊಡನೆ ಧಿಗಿಣಕ್ಕೆ, ಅಂದರೆ ಸುತ್ತುತ್ತಾ ಜಿಗಿಯುವ ಕುಣಿತಕ್ಕೆ, ಹಾರುವುದಿಲ್ಲ. ಪ್ರವೇಶದ ಕುಣಿತ ಹಂತ ಹಂತವಾಗಿ ಏರಿ, ಚೆಂಡೆಯ ಪೆಟ್ಟು ಬಿಗಿಯಾದ ಮೇಲೆ ಧಿಗಿಣ ಬರುತ್ತದೆ. ಕ್ರೀಡಾ ತರಬೇತಿಯ ಪುಸ್ತಕಗಳು ಕಲಿಸುವ ಕ್ರಮವೂ ಇದನ್ನೇ ಹೋಲುತ್ತದೆ.

ಒಂದೆರಡು ಸೆಂಟಿಮೀಟರಿನ ಲೆಕ್ಕ

‘ರೋಲರ್ ಬಳಸಿದ ಮೇಲೆ ನನ್ನ ಜಿಗಿತ ಎರಡು ಸೆಂಟಿಮೀಟರ್ ಏರಿತು’ ಎನ್ನುವವರು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಎತ್ತರವನ್ನು ಈಗ ಹೆಚ್ಚಾಗಿ ಅಳೆಯುವುದು ಪಾದ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗಿನ ಸಮಯದಿಂದ. ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಗಾಳಿಯಲ್ಲಿ ಅರ್ಧ ಸೆಕೆಂಡ್ ಇದ್ದವರ ಜಿಗಿತ 30.7 ಸೆಂಟಿಮೀಟರ್, 0.52 ಸೆಕೆಂಡ್ ಇದ್ದವರದು 33.2 ಸೆಂಟಿಮೀಟರ್. ಸೆಕೆಂಡಿನ ನೂರರಲ್ಲಿ ಎರಡು ಪಾಲು ಎರಡೂವರೆ ಸೆಂಟಿಮೀಟರ್ ಆಗಿ ಕಾಣಿಸಿಕೊಳ್ಳುತ್ತದೆ. ಇಳಿಯುವಾಗ ಮಂಡಿಯನ್ನು ಸ್ವಲ್ಪ ಮಡಚಿಕೊಂಡರೆ ಪಾದ ತಡವಾಗಿ ನೆಲ ಮುಟ್ಟಿ, ಜಿಗಿಯದ ಎತ್ತರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಗೋಡೆಗೆ ಸೀಮೆಸುಣ್ಣ ಹಚ್ಚಿದ ಬೆರಳು ತಾಗಿಸಿ ಅಳೆಯುವ ಹಳೆಯ ವಿಧಾನದಲ್ಲಿ ತೋಳನ್ನು ಎಷ್ಟು ಚಾಚಿದರೆಂಬುದೇ ದೊಡ್ಡ ತಪ್ಪಿಗೆ ಎಡೆ ಮಾಡುತ್ತದೆ. ಒಬ್ಬನೇ ವ್ಯಕ್ತಿ ಒಂದೇ ಬೆಳಗ್ಗೆ ಏನೂ ಬದಲಿಸದೆ ಜಿಗಿದರೂ ಅಂಕಿಗಳು ಇಷ್ಟರಮಟ್ಟಿಗೆ ಹೊಯ್ದಾಡುತ್ತವೆ. ಆದ್ದರಿಂದ ಹನ್ನೊಂದು ಮಂದಿಯ ಪ್ರಯೋಗವೊಂದು ಲಾಭ ತೋರಿಸಿ, ಅಷ್ಟೇ ಮಂದಿಯ ಮತ್ತೊಂದು ಪ್ರಯೋಗ ನಷ್ಟ ತೋರಿಸಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಪ್ರಯೋಗಶಾಲೆಯ ಜಿಗಿತಕ್ಕೂ ಮರಳುಗುಂಡಿಯ ಜಿಗಿತಕ್ಕೂ ಇರುವ ಅಂತರವನ್ನೂ ಮರೆಯುವಂತಿಲ್ಲ. ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡಲು ಏಳುವವರ ಜಿಗಿತ ಪ್ರಯೋಗಶಾಲೆಯದಕ್ಕೆ ಹತ್ತಿರ. ಉದ್ದಜಿಗಿತದಲ್ಲಾದರೆ ದೂರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಓಡಿಬಂದ ವೇಗ. ಹಲಗೆಯ ಮೇಲೆ ಪಾದ ಇರುವುದು ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಮಂಡಿ ಕುಸಿಯದೆ ಬಿಗಿಯಾಗಿ ನಿಲ್ಲಬೇಕು. ಮಂಡಿ ಇನ್ನೂ ಹತ್ತು ಡಿಗ್ರಿ ಹೆಚ್ಚು ಮಡಚಬಲ್ಲದೆಂಬ ಲಾಭಕ್ಕೆ ಅಲ್ಲಿ ಕೆಲಸವೇ ಇಲ್ಲ.

ಪರ ವಾದಕ್ಕೂ ಒಂದು ಜಾಗ

ಹಾಗೆಂದು ರೋಲರ್ ಪರವಾಗಿರುವ ತರಬೇತುದಾರರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಹರಡು ಬಿಗಿದುಕೊಂಡು ಸರಿಯಾಗಿ ಕುಕ್ಕರಗಾಲಿನಲ್ಲಿ ಕೂರಲೂ ಆಗದ ಹುಡುಗನಿಗೆ, ಹಿಂದಿನ ದಿನದ ಶ್ರಮದಿಂದ ತೊಡೆ ನೋಯುತ್ತಿರುವ ಹುಡುಗಿಗೆ, ಕೆಲವು ನಿಮಿಷಗಳ ರೋಲರ್ ಮುಂದಿನ ವ್ಯಾಯಾಮಗಳನ್ನು ಸುಗಮಗೊಳಿಸುತ್ತದೆ. ಮೇಲೆ ಹೇಳಿದ 2019ರ ವಿಶ್ಲೇಷಣೆಯಲ್ಲಿಯೂ ವ್ಯಾಯಾಮದ ನಂತರ ಬಳಸಿದಾಗ ಸ್ನಾಯು ನೋವಿನ ಅನುಭವ ಶೇ. 6ರಷ್ಟು ಕಡಮೆಯಾದದ್ದು ದಾಖಲಾಗಿದೆ. ಒಂದೇ ವಿದ್ಯಾರ್ಥಿ ಓಟ, ಜಿಗಿತ, ರಿಲೇಗಳೆಲ್ಲದರಲ್ಲಿ ಸ್ಪರ್ಧಿಸುವ ಶಾಲಾ ಕೂಟಗಳಲ್ಲಿ, ಮೊದಲ ದಿನದ ಸಂಜೆಯ ರೋಲರ್‌ಗೆ ಮರುದಿನದ ಬೆಳಗಿನ ರೋಲರ್‌ಗಿಂತ ಹೆಚ್ಚು ಸಮರ್ಥನೆ ಇದೆಯೆಂದು ನನಗನಿಸುತ್ತದೆ.

ವಿರೋಧಿಗಳ ಮುಖ್ಯ ಆಕ್ಷೇಪ ಸಮಯದ್ದು. ರೋಲರ್ ಹಾನಿ ಮಾಡದಿರಬಹುದು. ಆದರೆ ಅದು ತಿನ್ನುವ ಹತ್ತು ನಿಮಿಷ ಓಟ ಮತ್ತು ಅಭ್ಯಾಸ ಜಿಗಿತಗಳಿಂದ ಕಿತ್ತುಕೊಂಡದ್ದಾದರೆ, ಕಳೆದುಕೊಂಡದ್ದು ಮೈಯ ಬಿಸಿ. ಈ ವಾದ ಬಲವಾದದ್ದು.

ಗಡಿನಾಡಿನ ಮೈದಾನದಲ್ಲಿ

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲಾ ಕ್ರೀಡಾಕೂಟಗಳಿಗೆ ಬರುವ ಮಕ್ಕಳ ಪರಿಸ್ಥಿತಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಿದರೆ ಸಮಯದ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬೆಳಗ್ಗೆ ಬಸ್ಸಿನಲ್ಲಿ ಹೊರಟು ಬಂದವರಿಗೆ ಎದೆಸಂಖ್ಯೆ ಪಡೆದು ಹಾಜರಿ ಕೊಡುವಷ್ಟರಲ್ಲಿ ವಾರ್ಮ್-ಅಪ್‌ಗೆ ಉಳಿಯುವುದು ಕೊಂಚ ಹೊತ್ತು. ಮುರಕಲ್ಲಿನ ಪಾರೆಯನ್ನು ಸಮತಟ್ಟು ಮಾಡಿದ ಮೈದಾನದಲ್ಲಿ ರೋಲರ್ ಉರುಳಿಸಲು ಹೊರಟರೆ ಫೋಮಿಗೆ ಹರಳು ಕಚ್ಚಿಕೊಳ್ಳುತ್ತದೆ, ಅಂಗೈಗೆ ಜಲ್ಲಿ ಒತ್ತುತ್ತದೆ; ಶಾಲೆಯ ಜಗಲಿ ಹುಡುಕಬೇಕು, ಅಲ್ಲಿ ಆಗಲೇ ಚೀಲಗಳ ರಾಶಿ ಬಿದ್ದಿರುತ್ತದೆ. ಬಿಸಿಲಿನ ದಿನ ಮೈ ತಾನಾಗಿಯೇ ಬೆಚ್ಚಗಿರುವುದರಿಂದ ವಾರ್ಮ್-ಅಪ್ ಸ್ವಲ್ಪ ಕಿರಿದಾದರೂ ನಡೆದೀತು, ತುಲಾ ತಿಂಗಳ ಮಳೆ ಹೊಯ್ದು ಗಾಳಿ ಬೀಸಿದ ದಿನ ಅದೂ ನಡೆಯದು.

ಮಾಹಿತಿಯ ಕೊರತೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ರೋಲರ್ ಬಳಕೆಯನ್ನು ಕಲಿಯುವುದು ಹೆಚ್ಚಾಗಿ ಇಂಗ್ಲಿಷ್ ಅಥವಾ ಮಲಯಾಳದ ವಿಡಿಯೋಗಳಿಂದ. ಕಣ್ಣಿಗೆ ಕಾಣುವ ಚಲನೆ ದಾಟಿ ಬರುತ್ತದೆ, ಜೊತೆಗಿದ್ದ ಎಚ್ಚರಿಕೆಯ ಮಾತು ದಾಟಿ ಬರುವುದಿಲ್ಲ. ಮಂಡಿಯ ಚಿಪ್ಪು, ಮಂಡಿಯ ಕೆಳಗೆ ಕಾಲಿನ ಮುಂಭಾಗದ ಎಲುಬು, ಸೊಂಟದ ಬೆನ್ನೆಲುಬು ಇವುಗಳ ಮೇಲೆ ರೋಲರ್ ಉರುಳಿಸಬಾರದು. ಉಳುಕಿದ ಅಥವಾ ಊದಿದ ಜಾಗಕ್ಕೆ ತಾಗಿಸಬಾರದು. ನೋವು ಹೆಚ್ಚಾದಷ್ಟೂ ಗುಣ ಹೆಚ್ಚೆಂದು ಹಲ್ಲು ಕಚ್ಚಿ ಉರುಳುವುದು ಬೆಳೆಯುವ ವಯಸ್ಸಿನವರಿಗೆ ಬೇಡವೇ ಬೇಡ. ಶಾಲೆಯ ಕ್ರೀಡಾನಿಧಿಯಲ್ಲಿ ಇರುವ ಹಣಕ್ಕೆ ರೋಲರ್ ಕೊಳ್ಳಬೇಕೋ, ಮರಳುಗುಂಡಿಗೆ ಹೊಸ ಮರಳು ಹಾಕಿಸಬೇಕೋ ಎಂಬ ಪ್ರಶ್ನೆ ಬಂದರೆ ಮರಳಿಗೇ ಮೊದಲ ಸ್ಥಾನ.

ರೋಲರ್ ಈಗಾಗಲೇ ಕೈಯಲ್ಲಿರುವವರು ಅದನ್ನು ಎಸೆಯಬೇಕಾಗಿಲ್ಲ, ಕ್ರಮವನ್ನು ಸರಿಪಡಿಸಿಕೊಂಡರೆ ಸಾಕು. ರೋಲರ್ ಬಳಸುವುದಾದರೆ ಎಲ್ಲಕ್ಕಿಂತ ಮೊದಲು, ಒಂದು ಸ್ನಾಯುವಿಗೆ ಅರ್ಧದಿಂದ ಒಂದು ನಿಮಿಷ. ಅದಾದ ಮೇಲೆ ಬೆವರು ಒಡೆಯುವವರೆಗೆ ಓಟ, ಮಂಡಿ ಎತ್ತುವ ಮತ್ತು ಕಾಲು ಬೀಸುವ ಕಸರತ್ತು, ಕೊನೆಗೆ ಏರುವ ಬಲದ ಮೂರು ನಾಲ್ಕು ಜಿಗಿತ. ಉದ್ದಜಿಗಿತದವರಾದರೆ ಹೆಜ್ಜೆಯ ಗುರುತು ಸರಿಮಾಡಿಕೊಳ್ಳಲು ಓಡುವ ಓಟವೂ ಇದರಲ್ಲಿ ಸೇರುತ್ತದೆ. ಎಂಟಕ್ಕಿಂತ ಹೆಚ್ಚು ಸ್ಪರ್ಧಿಗಳಿರುವಾಗ ಸಾಮಾನ್ಯವಾಗಿ ಎಲ್ಲರಿಗೂ ಮೂರು ಅವಕಾಶ, ಆಮೇಲೆ ಮೊದಲ ಎಂಟು ಮಂದಿಗೆ ಇನ್ನೂ ಮೂರು. ಹೀಗಾಗಿ ಒಂದು ಜಿಗಿತಕ್ಕೂ ಮುಂದಿನದಕ್ಕೂ ನಡುವೆ ಬಹಳ ಹೊತ್ತು ಕಾಯಬೇಕಾಗಿ ಬರುತ್ತದೆ, ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಕುಳಿತರೆ ಗಳಿಸಿದ ಬಿಸಿಯ ಬಹುಪಾಲು ಆರಿಹೋಗುತ್ತದೆ. ಆಗ ರೋಲರ್ ಮೇಲೆ ಒರಗಿ ಕೂರುವುದಕ್ಕಿಂತ ಮೇಲಂಗಿ ತೊಟ್ಟುಕೊಂಡು ಅತ್ತಿತ್ತ ನಡೆಯುತ್ತಾ, ತನ್ನ ಸಂಖ್ಯೆ ಕರೆಯಲು ಎರಡು ಮೂರು ಜನ ಇರುವಾಗ ನಾಲ್ಕು ಸಲ ಕುಪ್ಪಳಿಸುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.